ಗುಡಿಸಿಟ್ಟ ಅಂಗಳ

"ಇಲ್ಲಿ ನಾನಿದ್ದೀನಿ," ಅಂದ ಅವನು, ಗೋಡೆಯ ನಕ್ಷೆಯ ಮೇಲೆ ಬೆರಳಿಟ್ಟು.

ನಾನು ಕನ್ನಡಕ ಸರಿಮಾಡಿಕೊಂಡು ನೋಡಿದೆ. ಬೆರಳು ಹೊಳೆ ಕಡಲು ಸೇರುವ ಮೂಲೆಯಲ್ಲಿ, ಒಂದು ಗುಲಾಬಿ ಚೌಕದ ಮೇಲಿತ್ತು. ಗುಲಾಬಿ ಅಂದರೆ ಹೋಟೆಲು, ಪ್ರವಾಸೋದ್ಯಮ. ಆ ಬಣ್ಣ ತುಂಬಿದವಳು ನಾನೇ.

"ಅಲ್ಲಿ ಯಾರೂ ಇಲ್ಲ. ಅದು ಖಾಲಿ ಜಾಗ," ಅಂದೆ.

"ಹೌದಾ?" ಅವನು ಬೆರಳು ತೆಗೆಯಲಿಲ್ಲ. "ಹಾಗಾದ್ರೆ ಬೆಳಗ್ಗೆಯಿಂದ ಅಲ್ಲಿ ಸುತ್ತಿಗೆ ಹಿಡ್ಕೊಂಡು ನಿಂತಿದ್ದವನು ಯಾರು ಮೇಡಂ?"

ನಮ್ಮದು ಚಿಕ್ಕ ಊರು. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ಎಲ್ಲರಿಗೂ ಬೇಕಾದ ಒಂದಿಷ್ಟು ನೆಲ. ಮುಂದಿನ ಇಪ್ಪತ್ತು ವರ್ಷ ಆ ನೆಲದಲ್ಲಿ ಎಲ್ಲಿ ಮನೆ, ಎಲ್ಲಿ ಅಂಗಡಿ, ಎಲ್ಲಿ ಕಾರ್ಖಾನೆ, ಊರಿನ ಹೊಟ್ಟೆ ತುಂಬುವುದು ಯಾವುದರಿಂದ ಅಂತ ಹೇಳುವ ನಕ್ಷೆ ಅದು. ನಗರಸಭೆಯ ಯೋಜನಾ ವಿಭಾಗದಲ್ಲಿ ಕೂತು ಮೂರು ವರ್ಷ ಅದನ್ನು ತಯಾರಿಸಿದ್ದೆ. ಆಫೀಸಿನಲ್ಲಿ ನನಗೆ 'ಬಣ್ಣದ ಮೇಡಂ' ಅಂತ ಅಡ್ಡಹೆಸರು. ಕರಡನ್ನು ಸಭಾಂಗಣದ ಗೋಡೆಗೆ ಹಾಕಿ ಮೂವತ್ತು ದಿನ ಜನರ ಆಕ್ಷೇಪಣೆ ಕೇಳುವ ಕೆಲಸವೂ ನನ್ನ ತಲೆಗೇ ಬಂದಿತ್ತು. ಅಂದು ಹನ್ನೆರಡನೇ ದಿನ. ಅಷ್ಟರಲ್ಲಿ ಬಂದವರಲ್ಲಿ ಕಿರುಚಿದವರಿದ್ದರು, ಶಾಪ ಹಾಕಿದವರಿದ್ದರು. ಇಷ್ಟು ಮೆತ್ತಗೆ ಜಗಳ ತೆಗೆದವನು ಇವನೊಬ್ಬನೇ.

"ಸರ್ವೆಯಲ್ಲಿ ಖಾಲಿ ಅಂತಿದೆ. ನಮ್ಮ ಸರ್ವೆ ಸುಳ್ಳು ಹೇಳಲ್ಲ," ಅಂದೆ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ ನನ್ನದು. ಅಪ್ಪ ಅದನ್ನು ದಿನಕ್ಕೆರಡು ಸಲ ನೆನಪಿಸುತ್ತಾರೆ.

"ಸರ್ವೆಗೆ ಬಂದಿದ್ದು ಯಾರು?"

"ನಮ್ಮ ಟೀಮ್."

ಅವನು ನನ್ನನ್ನು ನೋಡಿದ. ಆಮೇಲೆ ನನ್ನ ಕುರ್ಚಿಯ ಬೆನ್ನಿಗೆ ನೇತುಹಾಕಿದ್ದ ಕೆಂಪು ಕೊಡೆಯನ್ನು ನೋಡಿದ. ಆಮೇಲೆ ನನ್ನ ಹಲ್ಲಿನ ನಡುವೆ ಸಿಕ್ಕಿಕೊಂಡಿದ್ದ ಪೆನ್ಸಿಲನ್ನು. ತುಟಿಯ ಒಂದು ಮೂಲೆಯಲ್ಲಿ ಮಾತ್ರ ನಕ್ಕ, ಇನ್ನೊಂದು ಮೂಲೆಗೆ ಗೊತ್ತಾಗದ ಹಾಗೆ. ನಾನು ಪೆನ್ಸಿಲು ಕೆಳಗಿಟ್ಟೆ.

"ಅರ್ಜಿ ಕೊಡಿ. ಬರೀತೀನಿ," ಅಂದ.

ಅವನ ಕೂದಲಲ್ಲಿ ಮರದ ಪುಡಿ ಇತ್ತು. ಕಿವಿಯ ಮೇಲೆ ಒಂದು ಗಿಡ್ಡ ಕೆಂಪು ಪೆನ್ಸಿಲು. ಅದರ ತುದಿಯನ್ನು ಯಾರೋ ಚೆನ್ನಾಗಿ ಕಚ್ಚಿದ್ದರು. ಇಷ್ಟು ದೊಡ್ಡ ಮನುಷ್ಯನಿಗೂ ಈ ಅಭ್ಯಾಸವಾ ಅಂತ ನನಗೆ ಒಳಗೊಳಗೇ ಸ್ವಲ್ಪ ಖುಷಿಯಾಯಿತು. ಅರ್ಜಿಯ 'ಉದ್ಯೋಗ' ಅನ್ನುವ ಜಾಗದಲ್ಲಿ 'ದೋಣಿ ಕಟ್ಟುವುದು' ಅಂತ ಗುಂಡಗೆ ಬರೆದ. 'ಆಕ್ಷೇಪಣೆ' ಅನ್ನುವಲ್ಲಿ ಒಂದೇ ಸಾಲು: 'ಬಂದು ನೋಡಿ.'

ನಿಯಮದ ಪ್ರಕಾರ ಪ್ರತಿ ಆಕ್ಷೇಪಣೆಗೂ ಒಂದು ಸ್ಥಳ ಭೇಟಿ ಆಗಬೇಕು. ಮೂರು ದಿನ ಬಿಟ್ಟು ಹೋದೆ.

*

ರಸ್ತೆಯ ತಿರುವಿನಲ್ಲೇ ನನ್ನ ಕಾಲು ನಿಂತುಬಿಟ್ಟಿತು. ಖಾಲಿ ಜಾಗದಲ್ಲಿ ಎರಡು ಮಹಡಿ ಎತ್ತರದ ದೋಣಿಯೊಂದು ಮರದ ದಿಮ್ಮಿಗಳ ಆಸರೆಯ ಮೇಲೆ ಕೂತಿತ್ತು. ಅರ್ಧ ಮೈಗೆ ಹಲಗೆ ಹೊದಿಸಿ ಆಗಿತ್ತು, ಉಳಿದರ್ಧದಲ್ಲಿ ಪಕ್ಕೆಲುಬು ಕಾಣುತ್ತಿತ್ತು. ಸುತ್ತ ಇಪ್ಪತ್ತು ಮೂವತ್ತು ಜನ. ಸುತ್ತಿಗೆ, ಗರಗಸ, ಕೂಗು, ನಗು.

ದೋಣಿಯ ಹೊಟ್ಟೆಯ ಕೆಳಗೆ ಕೂತಿದ್ದ ಹೆಂಗಸೊಬ್ಬಳು ಹಲಗೆಗಳ ಸಂದಿಗೆ ಎಣ್ಣೆಯಲ್ಲಿ ಅದ್ದಿದ ಹತ್ತಿ ದಾರ ತುರುಕುತ್ತಿದ್ದಳು. ತಲೆ ಎತ್ತದೆ ಕೇಳಿದಳು, "ಸರ್ವೆಯವರಾ?"

"ಹೌದು."

"ಇದು ದೋಣಿ. ಸರಿಯಾಗಿ ನೋಡ್ಕೊಳ್ಳಿ. ಆಮೇಲೆ ಕಣ್ಣಿಗೆ ಬೀಳಲಿಲ್ಲ ಅನ್ನಬೇಡಿ."

"ಅಕ್ಕಾ," ಅಂತ ಮೇಲಿನಿಂದ ದನಿ ಬಂತು. ಅವನು ಏಣಿಯಿಂದ ಇಳಿದು ಬಂದ. ಇಲ್ಲಿ ಎಲ್ಲರೂ ಅವನನ್ನು ಮೇಸ್ತ್ರಿ ಅನ್ನುತ್ತಿದ್ದರು, ಅವನಿಗಿಂತ ಹಿರಿಯರೂ. ಅಪ್ಪ ತೀರಿಕೊಂಡ ಮೇಲೆ ಅಕ್ಕ ತಮ್ಮ ಸೇರಿ ಅಂಗಳ ನಡೆಸುತ್ತಿದ್ದರು. ಹನ್ನೊಂದು ಮನೆಗಳ ಒಲೆ ಉರಿಯುವುದು ಇದರಿಂದ ಅಂತ ಅಕ್ಕ ಹೇಳಿದಳು. ಗುಲಾಬಿ ಬಣ್ಣ ಖಾಯಂ ಆದರೆ ಇಲ್ಲಿ ಮರಗೆಲಸಕ್ಕೆ ಪರವಾನಗಿ ಸಿಗುವುದಿಲ್ಲ, ಮುಂದಿನ ವರ್ಷ ಅಂಗಳ ಮುಚ್ಚಬೇಕು ಅನ್ನುವುದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. 

"ಹಾಗಾದ್ರೆ ಸರ್ವೆಯವರಿಗೆ ಯಾಕೆ ಕಾಣಲಿಲ್ಲ?" ಅಂತ ನಾನೇ ಕೇಳಿದೆ, ಜಂಬದಿಂದ. ಮಾತಾಡುತ್ತಾ ಚಪ್ಪಲಿಗೆ ಸಿಕ್ಕಿದ ಚಕ್ಕೆಗಳನ್ನು ಸರಿಸಲು ಕಂಬಕ್ಕೆ ಒರಗಿಸಿದ್ದ ಪೊರಕೆಗೆ ಕೈ ಹಾಕಿದೆ.

"ಅದನ್ನ ಮುಟ್ಟಬೇಡಿ," ಅಂದಳು ಅಕ್ಕ.

ನಾನು ಕೈ ಹಿಂದೆಳೆದುಕೊಂಡೆ.

"ಬೇಜಾರು ಮಾಡ್ಕೋಬೇಡಿ," ಅಂದ ಅವನು. "ನಮ್ಮಲ್ಲಿ ಒಂದು ಪದ್ಧತಿ. ದೋಣಿ ನೀರಿಗಿಳಿಯೋವರೆಗೂ ಗುಡಿಸಲ್ಲ. ಇಳಿದ ದಿನ ಎಲ್ಲರೂ ಸೇರಿ ಗುಡಿಸ್ತೀವಿ, ಒಂದು ಚಕ್ಕೆ, ಒಂದು ಮೊಳೆ ಉಳಿಯೋ ಹಾಗಿಲ್ಲ. ಹತ್ಯಾರು, ಆಸರೆ ದಿಮ್ಮಿ ಎಲ್ಲ ರಸ್ತೆ ಆಚೆ ಮನೆ ಹಿತ್ತಲಿಗೆ ಹೋಗತ್ತೆ. ಮುಂದಿನ ದೋಣಿಗೆ ಬರಿ ನೆಲ ಕೊಡಬೇಕು ಅಂತಿದ್ರು ಅಪ್ಪ. ಗುಡಿಸೋದು ಅಂಗಳದವರು ಮಾತ್ರ, ಹೊರಗಿನವರು ಪೊರಕೆ ಮುಟ್ಟೋದಿಲ್ಲ."

"ಆಮೇಲೆ?"

"ಆಮೇಲೆ ಮರ ಬರೋವರೆಗೆ ಮೂರು ವಾರ ನೆಲಕ್ಕೂ ರಜೆ, ನಮಗೂ ರಜೆ."

ನಾನು ಸುತ್ತ ನೋಡಿದೆ. ನೀರಿನ ಪಕ್ಕದಲ್ಲಿ ಒಂದು ದೊಡ್ಡ ಮರ, ಅದರ ಬೇರೊಂದು ನೆಲದಿಂದ ಮೇಲೆದ್ದು ಬೆಂಚಿನ ಹಾಗೆ ಬಾಗಿತ್ತು. ಆ ಬೇರಿನ ಮೇಲೆ ಕೂತರೆ ಕಾಲು ನೆಲಕ್ಕೆ ತಾಗುವುದಿಲ್ಲ ಅನ್ನುವುದು ನನಗೆ ಗೊತ್ತಿತ್ತು. ಹೇಗೆ ಗೊತ್ತು ಅಂತ ಯೋಚಿಸಿದೆ. ಚೀಲ ಎತ್ತಿಕೊಂಡು ಹೊರಟುಬಿಟ್ಟೆ.

*

ಆಫೀಸಿಗೆ ಓಡಿ ಬಂದು ಕಪಾಟು ತೆಗೆದು ಹಾಳೆ ಹುಡುಕಿದೆ. ಸಿಕ್ಕಿತು. 'ಸದ್ಯದ ಬಳಕೆ: ಖಾಲಿ. ತುಂಬಾ ಸ್ವಚ್ಛ. ಮರ ಒಂದು. ಅಭಿವೃದ್ಧಿಗೆ ಯೋಗ್ಯ.' ಅಕ್ಷರ ನನ್ನದು, ಸಹಿ ನನ್ನದು. ಹೋದ ವರ್ಷ ಎರಡು ವಾರ್ಡುಗಳ ಮುನ್ನೂರು ಜಾಗಗಳನ್ನು ಹದಿನೈದು ದಿನದಲ್ಲಿ ಮುಗಿಸಿದ್ದೆ. ಒಂದು ಮಧ್ಯಾಹ್ನ ಆ ಬೇರಿನ ಮೇಲೆ ಕೂತು, ಕಾಲು ಆಡಿಸುತ್ತಾ ಊಟದ ಡಬ್ಬಿ ಬಿಚ್ಚಿದ್ದೆ. ಇಂಥ ಚೆಂದದ ಜಾಗ ಯಾರ ಕಣ್ಣಿಗೂ ಬೀಳದೆ ಉಳಿದಿದೆಯಲ್ಲ ಅಂತ ಖುಷಿಪಟ್ಟಿದ್ದೆ. ಅದು ಅವರು ಗುಡಿಸಿ ರಜೆಗೆ ಬಿಟ್ಟ ನೆಲ. ನಮ್ಮ ಟೀಮ್ ಅಂದೆನಲ್ಲ, ಆ ಟೀಮ್ ಪೂರ್ತಿ ನಾನೊಬ್ಬಳೇ.

ನಮ್ಮ ವಿಭಾಗದ ಸಾಹೇಬರ ಹತ್ತಿರ ಹೋಗಿ ಹೇಳಿದೆ. ಅವರು ಕೆಟ್ಟವರಲ್ಲ, ನಿವೃತ್ತಿಗೆ ಎಂಟು ತಿಂಗಳಿದ್ದ ಮನುಷ್ಯ.

"ನೋಡಮ್ಮಾ, ಒಂದು ಹಾಳೆ ತಪ್ಪು ಅಂದ್ರೆ ಮುನ್ನೂರು ಹಾಳೆನೂ ಅನುಮಾನ. ಇಡೀ ಕರಡು ವಾಪಸ್ ಬರತ್ತೆ. ಹೋಟೆಲಿನವರು ಆ ಜಾಗ ನೋಡಿ ಆಗಿದೆ, ಊರಿಗೆ ಆದಾಯ ಬರತ್ತೆ ಅಂತ ಕೌನ್ಸಿಲರುಗಳು ಕುಣೀತಿದ್ದಾರೆ. ಮುಂದಿನ ತಿಂಗಳು ನಿನ್ನ ಪ್ರಮೋಷನ್ ಫೈಲ್ ಬೇರೆ ಹೋಗಬೇಕು. 'ಚಟುವಟಿಕೆ ವರ್ಷಪೂರ್ತಿ ಇರುವುದಿಲ್ಲ' ಅಂತ ಒಂದು ಸಾಲು ಬರೆದುಬಿಡು. ಸುಳ್ಳೇನೂ ಅಲ್ವಲ್ಲ."

ಸುಳ್ಳಲ್ಲ. ಅದೇ ನನ್ನ ಕಷ್ಟವಾಯಿತು.

ಸಂಜೆ ಅಪ್ಪನಿಗೆ ಹೇಳಿದೆ. ಅಪ್ಪ ಊರಿನ ಪೋಸ್ಟ್‌ಮ್ಯಾನ್ ಆಗಿದ್ದವರು. ಮೊಣಕಾಲು ಹೋದರೂ ವಿಳಾಸಗಳು ಹೋಗಿಲ್ಲ.

"ಆ ಅಂಗಳಕ್ಕೆ ಇಪ್ಪತ್ತಾರು ವರ್ಷ ಕಾಗದ ಕೊಟ್ಟಿದ್ದೀನಿ," ಅಂದರು. "ಖಾಲಿ ಜಾಗಕ್ಕೆ ಯಾರಾದ್ರೂ ಕಾಗದ ಬರೀತಾರೇನೇ?"

"ನಿಮ್ಮನ್ನ ಒಂದು ಮಾತು ಕೇಳಬೇಕಿತ್ತು ಅಂತೀರಾ?"

"ಅನ್ನಲ್ಲ. ನೀನು ಯಾವತ್ತು ಯಾರನ್ನ ಕೇಳಿದ್ದೆ?" ಅಂದು ಟಿವಿ ಹಾಕಿಕೊಂಡರು.

*

ನಿಯಮದ ಪ್ರಕಾರ ಒಂದು ಭೇಟಿ ಸಾಕು. ನಾನು ನಾಲ್ಕು ಸಲ ಹೋದೆ. ಪ್ರತಿ ಸಲವೂ ಇವತ್ತು ಹೇಳಿಬಿಡಬೇಕು ಅಂತ ಹೋಗುತ್ತಿದ್ದೆ. ಪ್ರತಿ ಸಲವೂ ಅವನು ಏಣಿಯಿಂದ ಇಳಿದು ಬರುವಾಗ ನನಗೆ ಹೇಳಬೇಕಾದ್ದು ಬಿಟ್ಟು ಬೇರೆಲ್ಲ ನೆನಪಾಗುತ್ತಿತ್ತು. ಅವನು ಇಳಿಯುವ ರೀತಿಯೇ ಹಾಗೆ. ಕೊನೆಯ ಮೂರು ಮೆಟ್ಟಿಲು ಬಿಟ್ಟು ಜಿಗಿದು, ಜಿಗಿದದ್ದು ಯಾರಿಗೂ ಕಾಣಲಿಲ್ಲ ಅನ್ನುವ ಹಾಗೆ ಗಂಭೀರವಾಗಿ ನಡೆದು ಬರುತ್ತಿದ್ದ.

"ಇವತ್ತು ಏನು ಅಳೀಬೇಕು ಮೇಡಂ?"

"ಉದ್ದ."

"ಮೊನ್ನೆ ಅಳೆದ್ರಲ್ಲ."

"ಮೊನ್ನೆ ಟೇಪು ಸರಿಯಿರಲಿಲ್ಲ."

"ಓಹೋ, ಟೇಪಿನ ತಪ್ಪು," ಅಂದು ಟೇಪಿನ ಇನ್ನೊಂದು ತುದಿ ಹಿಡಿದು ಅಂಗಳದ ಕೊನೆಗೆ ನಡೆದ. ನಾನು ಈ ತುದಿಯಲ್ಲಿ, ಅವನು ಆ ತುದಿಯಲ್ಲಿ. ಟೇಪು ಬಿಗಿಯಾದಾಗ ಅವನ ಬೆರಳಿನ ಎಳೆತ ನನ್ನ ಬೆರಳಿಗೆ ಬಂತು. ನಾನು ಅಂಕಿ ಓದುವುದನ್ನೇ ಮರೆತೆ. ಅಕ್ಕ ದೋಣಿಯ ಕೆಳಗಿನಿಂದ ಗಟ್ಟಿಯಾಗಿ ಕೆಮ್ಮಿದಳು.

ಅಂದು ಸಂಜೆ ಅವನು ಕಡಲ ತಡೆಗೋಡೆಯವರೆಗೆ ಜೊತೆಗೆ ನಡೆದು ಬಂದ. ಕಡಲು ಇಳಿತದಲ್ಲಿತ್ತು. ಹಲಗೆಯನ್ನು ಹೇಗೆ ಬಗ್ಗಿಸುತ್ತಾರೆ ಅಂತ ಅವನು ಕೈಯಲ್ಲಿ ತೋರಿಸಿದ. ಬಿಸಿ ಆವಿ ಕೊಡಬೇಕು, ಆಮೇಲೆ ಕಾಯಬೇಕು. ಅವಸರ ಮಾಡಿದರೆ ಸೀಳುತ್ತದೆ.

"ನಿಮ್ಮ ನಕ್ಷೆಯಲ್ಲಿ ಊರು ಚೆನ್ನಾಗಿ ಕಾಣ್ಸತ್ತೆ," ಅಂದ. "ನಾನು ದಿನಾ ಬಂದು ಜನರ ಹಿಂದೆ ನಿಂತು ನೋಡ್ತಿದ್ದೆ, ಹನ್ನೊಂದು ದಿನ. ಹನ್ನೆರಡನೇ ದಿನ ಮಾತಾಡ್ಸಿದ್ದು."

"ಹನ್ನೊಂದು ದಿನ ಏನು ನೋಡಿದ್ರಿ?"

"ನಕ್ಷೆನ," ಅಂದ, ನನ್ನನ್ನು ನೋಡುತ್ತಾ.

ನನಗೆ ಮುಖ ಬಿಸಿಯಾಯಿತು. ನನಗೆ ಇವನು ಇಷ್ಟವಾಗಿದ್ದಾನೆ ಅಂತ ಆಗ ಗೊತ್ತಾಯಿತು, ಮತ್ತು ಅದೇ ಗಳಿಗೆಯಲ್ಲಿ ಆ ಸರ್ವೆ ಹಾಳೆ ನೆನಪಾಯಿತು. ಇವನ ಅಂಗಳವನ್ನು ಅಳಿಸಿದ ಕೈ ನನ್ನದು.

"ನಿಮಗೊಂದು ವಿಷಯ ಹೇಳಬೇಕು," ಅಂದೆ.

ಅವನು ನಿಂತು ಕಾದ. 

"ಆ ಹಲಗೆ ಯಾವ ಮರದ್ದು?" ಅಂದೆ.

ಅವನು ಮರದ ಹೆಸರು ಹೇಳಿದ. ನನಗೆ ಅದು ಕೇಳಿಸಲೇ ಇಲ್ಲ.

*

ಅಹವಾಲು ಸಭೆಯ ದಿನ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಕೌನ್ಸಿಲರುಗಳು, ಎಡಕ್ಕೆ ಹೋಟೆಲಿನವರು, ಬಲಕ್ಕೆ ಅಂಗಳದ ಹನ್ನೊಂದು ಮನೆಯವರು. ಅಕ್ಕ ಇಸ್ತ್ರಿ ಮಾಡಿದ ಸೀರೆಯಲ್ಲಿ ಬಂದಿದ್ದಳು. ಅವಳ ಬೆರಳ ಸಂದಿಯಲ್ಲಿ ಮಾತ್ರ ಎಣ್ಣೆ ಹೋಗಿರಲಿಲ್ಲ.

ಅವನ ಸರದಿ ಬಂದಾಗ ಅವನು ಎದ್ದು, "ನಾವು ಅಲ್ಲೇ ಇದ್ವಿ, ಅಲ್ಲೇ ಇದ್ದೀವಿ. ಅಷ್ಟೇ ಹೇಳೋಕಿರೋದು," ಅಂದು ಕೂತ.

"ಹಾಗಾದ್ರೆ ಸರ್ವೆಯಲ್ಲಿ ಖಾಲಿ ಅಂತ ಯಾಕೆ ಬಂತು? ಸರ್ವೆಗೆ ಯಾರಪ್ಪಾ ಬಂದಿದ್ರು, ನೋಡಿದ್ದೀಯಾ?" ಅಂತ ಒಬ್ಬ ಕೌನ್ಸಿಲರ್ ಕೇಳಿದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತಲ್ಲ. ನನ್ನ ಕೈ ಕನ್ನಡಕಕ್ಕೆ ಹೋಯಿತು.

"ಆವತ್ತು ದೋಣಿ ಪರೀಕ್ಷೆಗೆ ನೀರಲ್ಲಿದ್ದೆ ಸಾರ್," ಅಂದ ಅವನು. "ದೂರ ಇದ್ದೆ. ಮುಖ ಕಾಣಲಿಲ್ಲ."

ಸಾಹೇಬರು ನನ್ನ ಕಡೆ ತಿರುಗಿ, "ವರದಿ ಓದಮ್ಮಾ," ಅಂದರು. ಕೈಯಲ್ಲಿ ಎರಡು ಹಾಳೆ ಇದ್ದವು. ಒಂದರಲ್ಲಿ ಸಾಹೇಬರ ಆ ಒಂದು ಸಾಲು. ಇನ್ನೊಂದು ಹೋದ ವರ್ಷದ ಸರ್ವೆ ಹಾಳೆ.

ನಾನು ಎರಡನೆಯದನ್ನು ಎತ್ತಿ ಹಿಡಿದೆ.

"ಈ ಹಾಳೆ ಬರೆದವಳು ನಾನು. ಇವರ ಅಂಗಳವನ್ನ ಖಾಲಿ ಅಂತ ಬರೆದವಳೂ ನಾನೇ," ಅಂದೆ. ಸಿಟ್ಟು ಬಂತು; ನನ್ನ ಮೇಲೆಯೇ ಬಂದ ಸಿಟ್ಟು ಉಪಯೋಗಕ್ಕೆ ಬಂದದ್ದು ಅದೇ ಮೊದಲು. "ವರ್ಷದಲ್ಲಿ ಕೆಲವೇ ವಾರ ಈ ನೆಲ ಬರಿದಾಗಿರತ್ತೆ. ನಾನು ಆ ವಾರಗಳಲ್ಲಿ ಹೋದೆ, ಅರ್ಧ ಗಂಟೆ ಕೂತು ಊಟ ಮಾಡಿದೆ, ಬರೆದು ಬಂದೆ. ರಸ್ತೆ ಆಚೆ ಮನೆಯವರನ್ನ ಒಂದು ಮಾತು ಕೇಳಲಿಲ್ಲ. ಕೇಳಿದ್ರೆ ಗೊತ್ತಾಗ್ತಿತ್ತು. ಊರಿಗೆ ಹೋಟೆಲ್ ಬೇಕು ಅಂದ್ರೆ ಮುಚ್ಚಿದ ಐಸ್ ಫ್ಯಾಕ್ಟರಿ ಜಾಗ ಇದೆ, ಎಂಟು ವರ್ಷದಿಂದ ಅಲ್ಲಿ ಬೆಕ್ಕು ಬಿಟ್ರೆ ಯಾರೂ ಇಲ್ಲ. ಆದ್ರೆ ದೋಣಿ ಕಟ್ಟೋಕೆ ನೀರಿನ ಪಕ್ಕದ ನೆಲವೇ ಆಗಬೇಕು, ಅದನ್ನ ಬೇರೆ ಕಡೆ ಇಡೋಕಾಗಲ್ಲ. ತೀರದ ಎಲ್ಲ ಜಾಗವನ್ನ ಮತ್ತೆ ಸರ್ವೆ ಮಾಡಬೇಕು, ಒಂದು ದಿನ ನೋಡಿ ಅಲ್ಲ."

ಗದ್ದಲವಾಯಿತು. ಒಬ್ಬರು ಮೇಜು ಗುದ್ದಿದರು, ಇನ್ನೊಬ್ಬರು ಅಮಾನತು ಅಂದರು. ಕೊನೆಗೆ ನಗರಸಭೆಯ ಅಧ್ಯಕ್ಷೆ ಕೈ ಎತ್ತಿ ಸುಮ್ಮನಿರಿಸಿ, ಕರಡನ್ನು ಮೂರು ತಿಂಗಳು ತಡೆಹಿಡಿದರು. ಮರು ಸರ್ವೆಯನ್ನು ತಪ್ಪು ಮಾಡಿದವರೇ ಮಾಡಲಿ ಅಂದರು, ಮುನ್ನೂರು ಜಾಗ, ಪ್ರತಿಯೊಂದಕ್ಕೂ ಮೂರು ಸಲ, ಅಕ್ಕಪಕ್ಕದವರ ಸಹಿ ಸಮೇತ. ನನ್ನ ಪ್ರಮೋಷನ್ ಫೈಲ್ ಕಪಾಟಿನಲ್ಲೇ ಉಳಿಯಿತು. ಸಾಹೇಬರು ಹೊರಗೆ ಹೋಗುವಾಗ, "ಬಿಸಿಲು ಜಾಸ್ತಿ, ಟೋಪಿ ಹಾಕ್ಕೋ," ಅಂದರು, ಅಷ್ಟೇ.

*

ಹೊರಗಿನ ಮೆಟ್ಟಿಲ ಮೇಲೆ ಅವನು ಕೂತಿದ್ದ. ನಾನು ಎರಡು ಮೆಟ್ಟಿಲು ಮೇಲೆ ಕೂತೆ. ಮುಖ ನೋಡಲು ಧೈರ್ಯ ಸಾಲಲಿಲ್ಲ.

"ಮೊದಲೇ ನಿಮಗೆ ಹೇಳಬೇಕಿತ್ತು. ತಡೆಗೋಡೆ ಹತ್ತಿರ ಹೇಳೋಕೆ ಬಂದೆ. ಬಾಯಿ ಬರಲಿಲ್ಲ," ಅಂದೆ.

ಅವನು ಕಿವಿಯ ಮೇಲಿನ ಕೆಂಪು ಪೆನ್ಸಿಲು ತೆಗೆದು ನನ್ನ ಕೈಗಿಟ್ಟ. ಮೊದಲಿಗಿಂತ ಇನ್ನೂ ಗಿಡ್ಡವಾಗಿತ್ತು.

"ಆವತ್ತು ನೀರಿಂದ ನೋಡಿದ್ರೆ, ಅಂಗಳದ ಮರದ ಕೆಳಗೆ ಒಂದು ಕೆಂಪು ಕೊಡೆ. ಕೊಡೆ ಕೆಳಗೆ ಯಾರೋ ಕಾಲು ಆಡಿಸ್ತಾ ಊಟ ಮಾಡ್ತಿದ್ರು. ದಡಕ್ಕೆ ಬರೋಷ್ಟರಲ್ಲಿ ಹೋಗಿಬಿಟ್ಟಿದ್ರು. ಒಂದು ಚೂರು ಕಸ ಇಲ್ಲದ ಅಂಗಳದಲ್ಲಿ ಇದೊಂದು ಬಿದ್ದಿತ್ತು. ಒಂದು ವರ್ಷದಿಂದ ಇದರಲ್ಲೇ ಹಲಗೆಗೆ ಗುರುತು ಹಾಕ್ತಿದ್ದೀನಿ. ಪೆನ್ಸಿಲ್ ಕಚ್ಚೋ ಅಭ್ಯಾಸ ನಂದಲ್ಲ ಮೇಡಂ."

ನಾನು ಇಂಗು ತಿಂದ ಮಂಗನ ಹಾಗೆ ಪೆನ್ಸಿಲನ್ನೇ ನೋಡುತ್ತಾ ಕೂತೆ. ಹಲ್ಲಿನ ಗುರುತು ನನ್ನದೇ.

"ನಿಮಗೆ ಮೊದಲ ದಿನದಿಂದ ಗೊತ್ತಿತ್ತು."

"ಮೊದಲ ದಿನದಿಂದ."

"ಒಳಗೆ ಮುಖ ಕಾಣಲಿಲ್ಲ ಅಂದ್ರಿ."

"ಕಾಣಲಿಲ್ಲ. ಕೊಡೆ ಕಾಣ್ತು. ಕೊಡೆ ಬಗ್ಗೆ ಅವರು ಕೇಳಲಿಲ್ಲ."

"ಹನ್ನೊಂದು ಮನೆ ಅನ್ನ ಹೋಗ್ತಿತ್ತು. ಹೇಳಿದ್ರೆ ಗೆಲ್ತಿದ್ರಿ."

"ಗೆಲ್ತಿದ್ದೆ," ಅಂದ. "ಅಕ್ಕ ಬೈದಳು ಕೂಡ. ನೀವು ಹೇಳದಿದ್ರೆ ಕೊನೆಗೆ ನಾನೇ ಎದ್ದು ಹೇಳ್ತಿದ್ದೆ, ಹನ್ನೊಂದು ಮನೆ ದೊಡ್ಡದು. ಆದ್ರೆ ನೀವೇ ಹೇಳ್ತೀರಿ ಅಂತ ಅನ್ನಿಸ್ತಿತ್ತು. ನಾಲ್ಕು ಸಲ ಉದ್ದ ಅಳೆಯೋಕೆ ಬಂದವರು ಸುಮ್ನೆ ಇರ್ತಾರಾ?"

ನನಗೆ ನಗುವೂ ಅಳುವೂ ಒಟ್ಟಿಗೇ ಬಂತು. ಕನ್ನಡಕ ತೆಗೆದು ಒರೆಸಿಕೊಂಡೆ.

"ಉದ್ದ ಅಳೆಯೋಕೆ ಬಂದಿದ್ದಲ್ಲ," ಅಂದೆ. "ನಿಮ್ಮನ್ನ ನೋಡೋಕೆ ಬಂದಿದ್ದು."

ಅವನು ಎದ್ದು, ಎರಡು ಮೆಟ್ಟಿಲು ಹತ್ತಿ, ನನ್ನ ಪಕ್ಕ ಕೂತ. ನಾನು ಪೆನ್ಸಿಲನ್ನು ಮತ್ತೆ ಅವನ ಕಿವಿಯ ಮೇಲಿಟ್ಟೆ. ಈ ಸಲ ತುಟಿಯ ಎರಡೂ ಮೂಲೆ ನಕ್ಕವು.

*

ಮೂರು ತಿಂಗಳು ಬಿಸಿಲಲ್ಲಿ ಅಲೆದೆ. ಮುನ್ನೂರು ಜಾಗಗಳಲ್ಲಿ ಹದಿನಾಲ್ಕು 'ಖಾಲಿ' ಜಾಗಗಳು ಖಾಲಿಯಾಗಿರಲಿಲ್ಲ. ಒಂದರಲ್ಲಿ ಬಲೆ ಒಣಗಿಸುತ್ತಿದ್ದರು, ಒಂದರಲ್ಲಿ ಹಗ್ಗ ಹೊಸೆಯುತ್ತಿದ್ದರು. ಯಾವ ಮನೆಯವರನ್ನು ಕೇಳಬೇಕು ಅಂತ ಅಪ್ಪ ವಿಳಾಸ ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ತಯಾರಾಗುತ್ತಿದ್ದ ಹೊಸ ಕರಡಿನಲ್ಲಿ ಹೋಟೆಲು ಐಸ್ ಫ್ಯಾಕ್ಟರಿಯ ಜಾಗಕ್ಕೆ ಹೋಯಿತು. ತೀರದ ಕೆಲಸಗಳಿಗೆ ನಕ್ಷೆಯಲ್ಲಿ ಹೊಸದೊಂದು ಬಣ್ಣ ಬೇಕಾಯಿತು. ಕೆಂಪು ಆರಿಸಿದೆ. ಯಾಕೆ ಕೆಂಪು ಅಂತ ಸಾಹೇಬರು ಕೇಳಿದರು, ಎದ್ದು ಕಾಣುತ್ತೆ ಸಾರ್ ಅಂದೆ.

ದೋಣಿ ನೀರಿಗಿಳಿಯುವ ದಿನ ಬೆಳಗ್ಗೆ ಅಪ್ಪನನ್ನು ಆಟೋದಲ್ಲಿ ಕರೆದುಕೊಂಡು ಹೋದೆ. ಮೂವತ್ತು ಜನ ಹಗ್ಗ ಹಿಡಿದರು. ದೋಣಿ ಮೊದಲು ಅಲುಗಲಿಲ್ಲ, ಆಮೇಲೆ ನರಳಿತು, ಆಮೇಲೆ ಒಮ್ಮೆಲೇ ಜಾರಿ ನೀರಿಗೆ ಬಿದ್ದು ಎಲ್ಲರ ಮೈ ತೋಯಿಸಿತು. ಅಪ್ಪ ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದರು.

ಆಮೇಲೆ ಎಲ್ಲರೂ ಪೊರಕೆ ತೆಗೆದುಕೊಂಡರು. ನಾನು ಅಪ್ಪನ ಜೊತೆ ರಸ್ತೆಯ ಅಂಚಿಗೆ ಸರಿದು ನಿಂತೆ. ಅವನು ಎರಡು ಪೊರಕೆ ಹಿಡಿದು ನೇರವಾಗಿ ನನ್ನ ಕಡೆ ಬಂದ. ಹನ್ನೊಂದು ಮನೆಯವರೂ ಗುಡಿಸುವುದು ನಿಲ್ಲಿಸಿ ನೋಡತೊಡಗಿದರು.

"ನಾನು ಹೊರಗಿನವಳು," ಅಂದೆ. 

"ಅದನ್ನೇ ಕೇಳೋಕೆ ಬಂದೆ," ಅಂದ. ಒಂದು ಪೊರಕೆಯನ್ನು ಮುಂದೆ ಚಾಚಿದ. "ಹಾಗೇ ಇರ್ತೀರಾ, ಒಳಗೆ ಬರ್ತೀರಾ?"

"ಮದುವೆ ಕೇಳೋಕೆ ಬಂದವರು ಯಾರಾದ್ರೂ ಪೊರಕೆ ತರ್ತಾರಾ?"

"ನನ್ನ ಕೈಯಲ್ಲೂ ಒಂದಿದೆಯಲ್ಲ."

ನಾನು ಅಪ್ಪನನ್ನು ನೋಡಿದೆ. ಅಪ್ಪ ಕಡಲನ್ನು ನೋಡುತ್ತಾ, "ಇವಳು ಮನೆಯಲ್ಲಿ ಗುಡಿಸಿದ್ದು ನಾನಂತೂ ನೋಡಿಲ್ಲಪ್ಪ, ಮೊದಲೇ ಹೇಳಿರ್ತೀನಿ," ಅಂದರು. ಅವರ ಕಣ್ಣು ಒದ್ದೆಯಾಗಿತ್ತು, ದೋಣಿಯ ನೀರು ಅಂತ ಆಮೇಲೆ ಸಾಧಿಸಿದರು.

"ತಗೋಳೇ," ಅಂತ ಅಂಗಳದ ನಡುವಿನಿಂದ ಅಕ್ಕ ಕೂಗಿದಳು. "ಬಿಸಿಲೇರ್ತಿದೆ, ಎಷ್ಟು ಹೊತ್ತು ನಿಲ್ಲಿಸ್ತೀಯ ಅವನನ್ನ?" ಅವಳು ನನ್ನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

ಪೊರಕೆ ತೆಗೆದುಕೊಂಡೆ. "ಇನ್ನು ಮೇಡಂ ಅನ್ನಬೇಡ," ಅಂದೆ ಅವನಿಗೆ.

ಅವನ ಪಕ್ಕದಲ್ಲೇ ಗುಡಿಸಿದೆ, ನೀರಿನಿಂದ ಶುರುಮಾಡಿ ಮರದವರೆಗೆ. ಬೆನ್ನು ನೋಯುವ ಹೊತ್ತಿಗೆ ನೆಲ ನಾನು ಮೊದಲ ಸಲ ನೋಡಿದ ದಿನದ ಹಾಗೇ ಆಯಿತು, ಒಂದು ಚಕ್ಕೆ ಇಲ್ಲ, ಒಂದು ಮೊಳೆ ಇಲ್ಲ. ಚೀಲದಲ್ಲಿ ಕೊನೆಯ ಸರ್ವೆ ಹಾಳೆ ಇತ್ತು, ಮೂರನೇ ಭೇಟಿಯದು. ಮರದ ಬೇರಿನ ಮೇಲೆ ಕೂತು ಅದನ್ನು ತೆಗೆದೆ. ಅವನು ಕಿವಿಯ ಮೇಲಿನ ಗಿಡ್ಡ ಪೆನ್ಸಿಲು ಕೊಟ್ಟು, ಪಕ್ಕದಲ್ಲಿ ಕೂತು, ನಾನೇನು ಬರೆಯುತ್ತೇನೆ ಅಂತ ಬಗ್ಗಿ ನೋಡಿದ.

'ಸದ್ಯದ ಬಳಕೆ' ಅನ್ನುವ ಕಡೆ ಬರೆದೆ: 'ದೋಣಿ ಕಟ್ಟುವ ಅಂಗಳ. ಇವತ್ತೇ ಗುಡಿಸಿದ್ದೇವೆ.'